ಮೊದಲು ಪ್ರೊಪೆಲ್ಲರ್, ಆಮೇಲೆ ಎಂಜಿನ್: ಮಾದರಿ ವಿಮಾನಕ್ಕೆ ಫೋರ್ ಸ್ಟ್ರೋಕ್ ಆರಿಸುವ ಬಗೆ

ರೇಡಿಯೊ ನಿಯಂತ್ರಿತ ಮಾದರಿ ವಿಮಾನಕ್ಕೆ ಫೋರ್ ಸ್ಟ್ರೋಕ್ ಎಂಜಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಹಾರ್ಸ್‌ಪವರ್?’ ಎಂದು. ಆಮೇಲೆ ‘ಎಷ್ಟು ಸಿಸಿ?’ ಎಂದು. ಎರಡಕ್ಕೂ ಪೆಟ್ಟಿಗೆಯ ಮೇಲೆಯೇ ಉತ್ತರ ಅಚ್ಚಾಗಿರುತ್ತದೆ. ಆದರೆ ಆ ಉತ್ತರಗಳನ್ನು ಹಿಡಿದುಕೊಂಡು ಆಯ್ಕೆ ಮಾಡಲು ಹೋದರೆ ದಾರಿ ತಪ್ಪುವುದೇ ಹೆಚ್ಚು. ವಿಮಾನವನ್ನು ಮುಂದಕ್ಕೆ ಎಳೆಯುವುದು ಪ್ರೊಪೆಲ್ಲರ್. ಎಂಜಿನ್ ಇರುವುದು ಅದನ್ನು ತಿರುಗಿಸುವುದಕ್ಕೆ. ಈ ವಿಮಾನಕ್ಕೆ ಎಷ್ಟು ದೊಡ್ಡ ಪ್ರೊಪೆಲ್ಲರ್ ಬೇಕು, ಅದು ಎಷ್ಟು ವೇಗದಲ್ಲಿ ತಿರುಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಅಂಗಡಿಯ ಕಡೆ ನೋಡಬೇಕು.

ಬರಿಯ ಸೂತ್ರಗಳಲ್ಲಿ ಹೇಳಿದರೆ ವಿಷಯ ಕೈಗೆ ಸಿಗದು. ಅದಕ್ಕೆ ಒಂದು ನಿಜವಾದ ವಿಮಾನವನ್ನೇ ಇಟ್ಟುಕೊಳ್ಳೋಣ: ಬೆಂಗಳೂರಿನ ಎಚ್‌ಎಎಲ್‌ ತಯಾರಿಸಿದ ಪುಷ್ಪಕ್. 1958ರಲ್ಲಿ ಮೊದಲ ಬಾರಿಗೆ ಹಾರಿದ, ರೆಕ್ಕೆ ಮೇಲಿರುವ, ಇಬ್ಬರು ಅಕ್ಕಪಕ್ಕ ಕೂರುವ, ಬಟ್ಟೆ ಹೊದಿಸಿದ ಪುಟ್ಟ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಕಲಿತದ್ದು ಇದರಲ್ಲಿ. ಮೂತಿಯಲ್ಲಿದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಅದೂ ಫೋರ್ ಸ್ಟ್ರೋಕ್. ರೆಕ್ಕೆಯ ಹರವು ಸುಮಾರು 11 ಮೀಟರ್. ಆರನೇ ಒಂದು ಅಳತೆಯಲ್ಲಿ ಮಾದರಿ ಕಟ್ಟಿದರೆ ಹರವು 1.83 ಮೀಟರ್ ಬರುತ್ತದೆ; ಬಾಲ್ಸಾ ಮರದಲ್ಲಿ ಎಚ್ಚರದಿಂದ ಕಟ್ಟಿದರೆ ಹಾರುವಾಗಿನ ತೂಕ ಮೂರು ಕಿಲೋ ಆಸುಪಾಸು. ಕಾರಿನ ಹಿಂದಿನ ಸೀಟಿನಲ್ಲಿ ರೆಕ್ಕೆ ಬಿಚ್ಚಿ ಇಡಬಹುದಾದ ಗಾತ್ರ. ಇಂಥದ್ದಕ್ಕೆ ಯಾವ ಎಂಜಿನ್?

ಎರಡು ಬಗೆಯ ಎಂಜಿನ್‌ಗಳ ವ್ಯತ್ಯಾಸ ನಮ್ಮ ಬೀದಿಗಳಲ್ಲಿ ಎಲ್ಲರೂ ಕೇಳಿರುವಂಥದ್ದೇ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಟೂ ಸ್ಟ್ರೋಕ್, ಬುಲೆಟ್ ಫೋರ್ ಸ್ಟ್ರೋಕ್. ಯೆಜ್ಡಿ ಸುತ್ತು ಏರಿದಂತೆ ಹುರುಪುಗೊಳ್ಳುತ್ತದೆ. ಬುಲೆಟ್ ಕಡಿಮೆ ಸುತ್ತಿನಲ್ಲೇ ಭಾರ ಎಳೆಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗಲೆಲ್ಲ ಒಮ್ಮೆ ಉರಿತ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳೇ ಬಾಗಿಲುಗಳು. ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಸುಟ್ಟ ಅನಿಲ ಹೊರಹೋಗುವುದೂ ಹೊಸ ಮಿಶ್ರಣ ಒಳಬರುವುದೂ ಬಹುಪಾಲು ಒಟ್ಟಿಗೇ ನಡೆಯುವುದರಿಂದ ಸ್ವಲ್ಪ ಇಂಧನ ಸುಡದೆಯೇ ಹೊರಗೆ ಜಾರುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊರದೂಡುವುದು, ಈ ನಾಲ್ಕಕ್ಕೂ ಪಿಸ್ಟನ್ನಿನ ಒಂದೊಂದು ಪೂರ್ಣ ನಡೆ ಮೀಸಲು. ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿತ. ಬಾಗಿಲುಗಳ ಕೆಲಸ ವಾಲ್ವ್‌ಗಳದ್ದು. ಅವನ್ನು ತೆರೆಯಲು ಕ್ಯಾಮ್, ಪುಶ್‌ರಾಡ್, ರಾಕರ್. ಬೆರಳಿನ ಉಗುರಿನಷ್ಟು ದೊಡ್ಡ ವಾಲ್ವ್‌ಗಳು ನಿಮಿಷಕ್ಕೆ ನಾಲ್ಕೈದು ಸಾವಿರ ಸಲ ತೆರೆದು ಮುಚ್ಚುತ್ತವೆ ಎನ್ನುವುದನ್ನು ಯೋಚಿಸಿದರೆ ಈ ಎಂಜಿನ್‌ಗಳು ಏಕೆ ದುಬಾರಿ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಉರಿತ ಅರ್ಧಕ್ಕೆ ಇಳಿದಾಗ ಶಕ್ತಿಯೂ ಅರ್ಧಕ್ಕೆ ಇಳಿಯಬೇಕಲ್ಲ? ಕಾಗದದ ಮೇಲೆ ಹೌದು. ವಾಸ್ತವದಲ್ಲಿ ಪ್ರತಿ ಉರಿತದಲ್ಲೂ ಸಿಲಿಂಡರ್ ಚೆನ್ನಾಗಿ ತುಂಬಿರುತ್ತದೆ, ವಿಸ್ತರಣೆಗೆ ಪೂರ್ತಿ ನಡೆ ಸಿಗುತ್ತದೆ, ಹಾಗಾಗಿ ಪ್ರತಿ ಹೊಡೆತವೂ ಗಟ್ಟಿ. ಇನ್ನು ಟೂ ಸ್ಟ್ರೋಕ್‌ಗಳ ಪೆಟ್ಟಿಗೆಯ ಮೇಲಿನ ಅಂಕಿಯ ಕಥೆ ಬೇರೆಯೇ ಇದೆ. 7.5 ಸಿಸಿಯ ಹೆಸರುವಾಸಿ ಎಂಜಿನ್, ಜಪಾನಿನ ಓಎಸ್ ಕಂಪನಿಯ 46ಎಎಕ್ಸ್‌ಗೆ ತಯಾರಕರು ಕೊಡುವ ಸುಮಾರು 1.6 ಅಶ್ವಶಕ್ತಿ ನಿಮಿಷಕ್ಕೆ 16,000 ಸುತ್ತಿನಲ್ಲಿ ಬರುವಂಥದ್ದು. ನಮ್ಮ ವಿಮಾನಗಳಿಗೆ ಹಾಕುವ ಪ್ರೊಪೆಲ್ಲರ್ ಹಾಕಿದರೆ ಅದು 12,000 ದಾಟಿ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ಆ 16,000ವನ್ನು ಹೆಚ್ಚಿನವರು ಎಂದೂ ನೋಡುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಂಜಿನ್ ಹೆಸರಿನ ಸಂಖ್ಯೆ ಘನ ಇಂಚಿನದ್ದು: ‘46’ ಎಂದರೆ 0.46 ಘನ ಇಂಚು, 7.5 ಸಿಸಿ, ‘70’ ಎಂದರೆ 11.5 ಸಿಸಿ, ‘91’ ಎಂದರೆ 15 ಸಿಸಿ. ಪ್ರೊಪೆಲ್ಲರ್ ಮೇಲಿನ ‘13x6’ರಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎಂದರೆ ಜಾರದೆ ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ. ಎರಡೂ ಇಂಚಿನಲ್ಲಿ.

46ರ ಟೂ ಸ್ಟ್ರೋಕ್ 11x6 ಪ್ರೊಪೆಲ್ಲರನ್ನು 12,500 ಸುತ್ತಿನಲ್ಲಿ ತಿರುಗಿಸುತ್ತದೆ ಎನ್ನಿ. ಪಿಚ್‌ನ ಲೆಕ್ಕದಲ್ಲಿ ಅದು ಗಂಟೆಗೆ 114 ಕಿ.ಮೀ. 70ರ ಫೋರ್ ಸ್ಟ್ರೋಕ್ 13x6 ಹಾಕಿಕೊಂಡು 9,500 ಸುತ್ತು ತಿರುಗಿದರೆ 87 ಕಿ.ಮೀ. ಏರೋಮಾಡೆಲರ್‌ಗಳು ಬಳಸುವ ಒರಟು ಸೂತ್ರಗಳ ಪ್ರಕಾರ ನಿಂತಲ್ಲಿ ಎರಡರ ಎಳೆತವೂ ಹೆಚ್ಚುಕಡಿಮೆ ಒಂದೇ. ಆದರೆ ದೊಡ್ಡ ಪ್ರೊಪೆಲ್ಲರ್ ಅಷ್ಟೇ ಎಳೆತವನ್ನು ಸುಮಾರು ಶೇ 15ರಷ್ಟು ಕಡಿಮೆ ಶಕ್ತಿಯಲ್ಲಿ ಕೊಡುತ್ತದೆ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದು ಅಗ್ಗ. ಪುಷ್ಪಕ್‌ನಂಥ ಮಾದರಿ ಆರಾಮವಾಗಿ ಹಾರುವುದು ಗಂಟೆಗೆ 50–60 ಕಿ.ಮೀ. ವೇಗದಲ್ಲಿ. ಅದಕ್ಕೆ 114ರ ಅಗತ್ಯ ಎಲ್ಲಿದೆ? ರೆಕ್ಕೆಗೆ ಆನಿಕೆ ಕೊಡುವ ಕಂಬಿಗಳು, ದಪ್ಪ ರೆಕ್ಕೆ, ಹೊರಗೆ ಚಾಚಿದ ಚಕ್ರಗಳು, ಇವೆಲ್ಲ ಸೇರಿ ಆ ವೇಗಕ್ಕೆ ಹೇಗೂ ಬಿಡುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಜನ ಮರೆಯುತ್ತಾರೆ. ಇಬ್ಬರು ಪಕ್ಕಪಕ್ಕ ಕೂರುವ ವಿಮಾನವಾದ್ದರಿಂದ ಪುಷ್ಪಕ್‌ನ ಮೂತಿ ಅಗಲ. ಸಣ್ಣ ಪ್ರೊಪೆಲ್ಲರ್ ಹಾಕಿದರೆ ಅದರ ಒಳಭಾಗ ತಳ್ಳಿದ ಗಾಳಿ ಹಿಂದೆ ಹೋಗುವ ಬದಲು ಮೂತಿಗೇ ಬಡಿಯುತ್ತದೆ. ಕೆಲಸ ಮಾಡುವುದು ಮೂತಿಯ ಆಚೆಗೆ ಚಾಚಿದ ಭಾಗ ಮಾತ್ರ. ಒಂದಿಂಚು ವ್ಯಾಸ ಹೆಚ್ಚಾದರೆ ಆ ಚಾಚು ಎರಡೂ ಬದಿ ಅರ್ಧರ್ಧ ಇಂಚು ಬೆಳೆಯುತ್ತದೆ. ಗಾಳಿಗೆ ತೆರೆದುಕೊಳ್ಳುವ ಹೊರವಲಯದಲ್ಲಿ ಅದು ದೊಡ್ಡ ಲಾಭ. ಅಂದಕ್ಕೂ ಇದೇ ಸರಿ. ಆ ದರ್ಜೆಯ ನಿಜ ವಿಮಾನಗಳ ಪ್ರೊಪೆಲ್ಲರ್ ಸುಮಾರು ಆರು ಅಡಿ ವ್ಯಾಸದ್ದು. ಆರರಲ್ಲೊಂದು ಅಳತೆಗೆ ಅದು 12 ಇಂಚು. ಮಾದರಿಗೂ ಮೂಲಕ್ಕೂ ಒಂದೇ ಪ್ರಮಾಣದ ಪ್ರೊಪೆಲ್ಲರ್ ಇರುವುದು ಟೂ ಸ್ಟ್ರೋಕ್‌ಗಳಲ್ಲಿ ಸಾಧಾರಣವಾಗಿ ಒದಗದ ಭಾಗ್ಯ.

ಹಾಗಾದರೆ ಪುಷ್ಪಕ್‌ಗೆ 12x6 ಅಥವಾ 13x5 ಪ್ರೊಪೆಲ್ಲರ್, 9,000ದಿಂದ 10,000 ಸುತ್ತು. ಇದನ್ನು ತಿರುಗಿಸುವುದು 56ರಿಂದ 70ರವರೆಗಿನ ಫೋರ್ ಸ್ಟ್ರೋಕ್. ಇಷ್ಟೇ ಅಳತೆಯ ಪೈಪರ್ ಕಬ್ ಕಿಟ್‌ಗಳ ಮೇಲೆ ‘ಟೂ ಸ್ಟ್ರೋಕ್ 40–46, ಫೋರ್ ಸ್ಟ್ರೋಕ್ 52–70’ ಎಂದು ಬರೆದಿರುವುದನ್ನು ನೋಡಬಹುದು. ಟೂ ಸ್ಟ್ರೋಕ್ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿದರೆ ಫೋರ್ ಸ್ಟ್ರೋಕ್ ಸಂಖ್ಯೆ ಸಿಗುತ್ತದೆ ಎಂಬ ಹಳೆಯ ವಾಡಿಕೆಯೂ ಇದೇ ಕಡೆ ಬೆರಳು ತೋರಿಸುತ್ತದೆ. 52 ಸಾಕೇ? ಮಂಗಳೂರಿನ ಕಡಲತೀರದಲ್ಲಿ, ಹಗುರವಾಗಿ ಕಟ್ಟಿದ ವಿಮಾನಕ್ಕೆ, ಸಾಕು. ಬೆಂಗಳೂರಿನಲ್ಲಿ ನಾನು 62ಕ್ಕಿಂತ ಕೆಳಗೆ ಹೋಗುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಅದೇ ಉಷ್ಣಾಂಶದ ಕರಾವಳಿಯ ಗಾಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಡಿಮೆಯಾಗುತ್ತದೆ, ಶಕ್ತಿಯೂ ಅಷ್ಟೇ ಕಡಿಮೆಯಾಗುತ್ತದೆ. ಇದರಲ್ಲಿ ಒಂದು ಮೋಸವಿದೆ: ತೆಳುಗಾಳಿಯಲ್ಲಿ ಪ್ರೊಪೆಲ್ಲರ್ ತಿರುಗಿಸುವ ಹೊರೆಯೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ಸುತ್ತು ಅಳೆಯುವ ಟ್ಯಾಕೊಮೀಟರ್ ಹೆಚ್ಚುಕಡಿಮೆ ಅದೇ ಅಂಕಿ ತೋರಿಸುತ್ತದೆ. ಎಂಜಿನ್ ಚೆನ್ನಾಗಿಯೇ ಇದೆಯಲ್ಲ ಎನಿಸುತ್ತದೆ. ಇಳಿದಿರುವುದು ಎಳೆತ. ಅದರ ಜೊತೆಗೆ ವಿಮಾನ ನೆಲ ಬಿಡಲು ಬೇಕಾದ ವೇಗ ಸುಮಾರು ಶೇ 5ರಷ್ಟು ಏರಿರುತ್ತದೆ. ಕರಾವಳಿಯಲ್ಲಿ ಸಲೀಸಾಗಿ ಏರುತ್ತಿದ್ದ ವಿಮಾನ ಇಲ್ಲಿ ಮೈದಾನದ ಅಂಚಿನವರೆಗೆ ಓಡಿದರೆ ಅದಕ್ಕೆ ಕಾರಣ ಎಂಜಿನ್ನಿನ ಸೋಮಾರಿತನವಲ್ಲ.

ತೂಕದ ಪ್ರಶ್ನೆ ಬಂದಾಗ ಫೋರ್ ಸ್ಟ್ರೋಕ್ ಭಾರ ಎನ್ನುವ ಮಾತು ಕೇಳಿಬರುತ್ತದೆ. ಅದು ಅರ್ಧ ಸತ್ಯ. 46ಎಎಕ್ಸ್ ಸೈಲೆನ್ಸರ್ ಸಹಿತ ಸುಮಾರು 490 ಗ್ರಾಂ ತೂಗುತ್ತದೆ. 13.4 ಸಿಸಿಯ, ಜಪಾನಿನದೇ ಸೈಟೊ ಕಂಪನಿಯ ಎಫ್‌ಎ-82, ಸೈಲೆನ್ಸರ್ ಬಿಟ್ಟು, ಅರ್ಧ ಕಿಲೋ ಒಳಗೇ ಇದೆ; ಫೋರ್ ಸ್ಟ್ರೋಕ್‌ಗಳ ಸೈಲೆನ್ಸರ್ ಪುಟ್ಟದು, ಟೂ ಸ್ಟ್ರೋಕ್‌ನಂತೆ ಡಬ್ಬಿಯಲ್ಲ. ಬೇರೆ ಕೆಲವು ಕಂಪನಿಗಳ ಎಂಜಿನ್‌ಗಳು ಇದಕ್ಕಿಂತ ಗಣನೀಯವಾಗಿ ಭಾರ. ಆದರೆ ಪುಷ್ಪಕ್‌ನಂಥ ಗಿಡ್ಡ ಮೂತಿಯ ವಿಮಾನಕ್ಕೆ ಭಾರ ಶಾಪವಲ್ಲ. ಬಾಲ ಉದ್ದ, ಮೂತಿ ಚಿಕ್ಕದು. ಗುರುತ್ವಕೇಂದ್ರವನ್ನು ಸರಿಯಾದ ಜಾಗಕ್ಕೆ ತರಲು ಮುಂದೆ ತೂಕ ಬೇಕೇ ಬೇಕು. ಹಗುರ ಎಂಜಿನ್ ಹಾಕಿ, ಆಮೇಲೆ ಮೂತಿಯೊಳಗೆ ಸೀಸದ ತುಂಡುಗಳನ್ನು ಅಂಟಿಸುವವರನ್ನು ಕಂಡಾಗ ಸಂಕಟವಾಗುತ್ತದೆ. ಸೀಸ ಯಾವ ಕೆಲಸವನ್ನೂ ಮಾಡುವುದಿಲ್ಲ, ಅದೇ ತೂಕದ ಎಂಜಿನ್ ಮಾಡುತ್ತದೆ. ಟೈಗರ್ ಮಾತ್ ಹಾಗೂ ಮೊದಲ ಮಹಾಯುದ್ಧದ ಎರಡು ರೆಕ್ಕೆಯ ವಿಮಾನಗಳು, ಇವುಗಳ ವಿಷಯದಲ್ಲಂತೂ ಶಿಫಾರಸಿಗಿಂತ ಒಂದು ಗಾತ್ರ ದೊಡ್ಡ ಎಂಜಿನ್ ಹಾಕಿ ಥ್ರಾಟಲ್ ಕಡಿಮೆ ಇಟ್ಟು ಹಾರಿಸುವುದೇ ವಿವೇಕ. ಬಾಲ ಭಾರವಾಗುವ ಭಯವಿಲ್ಲದ ಉದ್ದ ಮೂತಿಯ ವಿಮಾನಗಳಲ್ಲಿ ಈ ವಾದ ತಿರುಗುಮುರುಗಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಸದ್ದಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಫೋರ್ ಸ್ಟ್ರೋಕ್ ಪ್ರಿಯರು ನನ್ನನ್ನು ಕ್ಷಮಿಸುವುದಿಲ್ಲ. 12,500 ಸುತ್ತಿನ ಟೂ ಸ್ಟ್ರೋಕ್ ಸೆಕೆಂಡಿಗೆ 208 ಸಲ ಉರಿಯುತ್ತದೆ. 9,500 ಸುತ್ತಿನ ಫೋರ್ ಸ್ಟ್ರೋಕ್ 79 ಸಲ. ಮನುಷ್ಯನ ಕಿವಿಗೆ ಕೆಳದನಿಯ ಸದ್ದು ಅಷ್ಟು ಚುಚ್ಚುವುದಿಲ್ಲ. ದೂರದಿಂದ ಕೇಳಿದಾಗ ಅದು ನಿಜ ವಿಮಾನದ ಗುಡುಗಿಗೆ ಹತ್ತಿರವಾಗಿರುತ್ತದೆ. ಪ್ರೊಪೆಲ್ಲರ್ ತುದಿಯ ವೇಗವೂ ಕಡಿಮೆ: 11 ಇಂಚಿನದು ಆ ಸುತ್ತಿನಲ್ಲಿ ಸೆಕೆಂಡಿಗೆ 183 ಮೀಟರ್, 13 ಇಂಚಿನದು 164 ಮೀಟರ್. ಮಾದರಿ ವಿಮಾನದ ಗದ್ದಲದಲ್ಲಿ ದೊಡ್ಡ ಪಾಲು ಪ್ರೊಪೆಲ್ಲರ್ ತುದಿಯದ್ದೇ. ಬ್ರಿಟನ್ನಿನಲ್ಲಿ ಏಳು ಮೀಟರ್ ದೂರದಿಂದ ಅಳೆದಾಗ 82 ಡೆಸಿಬೆಲ್ ಮೀರಬಾರದು ಎಂಬ ಸಂಹಿತೆಯಿದೆ. ಜನವಸತಿ ಮೈದಾನಗಳನ್ನು ನುಂಗುತ್ತ ಬಂದಂತೆ ಎಲ್ಲೆಡೆ ಇಂಥ ಒತ್ತಡ ಬೆಳೆಯಿತು, ಫೋರ್ ಸ್ಟ್ರೋಕ್‌ಗಳ ಏಳಿಗೆಗೆ ಅದು ಗಾಳಿಯಾಯಿತು.

ಏಳಿಗೆಯ ಕಥೆ ಹೆಚ್ಚಾಗಿ ಜಪಾನಿನದು. 1936ರಲ್ಲಿ ಒಸಾಕಾದಲ್ಲಿ ಶಿಗೆಯೊ ಒಗಾವಾ ಆರಂಭಿಸಿದ ಓಎಸ್ ಕಂಪನಿ 1976ರಲ್ಲಿ ಎಫ್‌ಎಸ್-60 ಎಂಬ 10 ಸಿಸಿಯ ಎಂಜಿನ್ ಹೊರತಂದಿತು. ರಾಕರ್‌ಗಳು ಮುಚ್ಚಳವಿಲ್ಲದೆ ಬಯಲಲ್ಲೇ ಕುಣಿಯುತ್ತಿದ್ದ ಎಂಜಿನ್ ಅದು. ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಪ್ರಯತ್ನಗಳು ನಡೆದಿದ್ದವಾದರೂ, ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಜನಸಾಮಾನ್ಯರ ಕೈಗೆ ಬಂದದ್ದು ಅಲ್ಲಿಂದ ಮುಂದೆ. ಸೈಟೊ ಬೆನ್ನಿಗೇ ಬಂತು. ಆಮೇಲೆ ಅಂತರರಾಷ್ಟ್ರೀಯ ಏರೋಬ್ಯಾಟಿಕ್ ಸ್ಪರ್ಧೆಯ ನಿಯಮ ಟೂ ಸ್ಟ್ರೋಕ್‌ಗೆ 10 ಸಿಸಿ, ಫೋರ್ ಸ್ಟ್ರೋಕ್‌ಗೆ 20 ಸಿಸಿ ಮಿತಿ ಇಟ್ಟಿತು. ಎರಡು ಪಟ್ಟು ರಿಯಾಯಿತಿ! 20 ಸಿಸಿ ಎಂದರೆ ಸುಮಾರು 1.20 ಘನ ಇಂಚು; ‘120’ ಎಂಬ ಗಾತ್ರ ಅಷ್ಟೊಂದು ಕಂಪನಿಗಳ ಪಟ್ಟಿಯಲ್ಲಿ ಕಾಣಿಸುವುದರ ಹಿಂದಿನ ಗುಟ್ಟು ಈ ನಿಯಮ. ಈಗ ಆ ಮಿತಿ ಇಲ್ಲ, ಗಾತ್ರ ಮಾತ್ರ ಉಳಿದುಕೊಂಡಿದೆ.

ಯಾವ ಕಂಪನಿಯದು ಕೊಳ್ಳಬೇಕು? ಓಎಸ್ ಗಟ್ಟಿ, ಸೂಚನಾಪುಸ್ತಕ ಸ್ಪಷ್ಟ. ಸೈಟೊದಲ್ಲಿ ಸಿಲಿಂಡರ್ ಮತ್ತು ಹೆಡ್ ಒಂದೇ ತುಂಡು, ನಡುವೆ ಗ್ಯಾಸ್ಕೆಟ್ ಇಲ್ಲ, ಬೋಲ್ಟ್ ಇಲ್ಲ. ಹಗುರಕ್ಕೆ ಒಂದು ಕಾರಣ ಅದೇ. ಆದರೆ ವಾಲ್ವ್ ಬಿಚ್ಚಬೇಕಾಗಿ ಬಂದರೆ ಸಿಲಿಂಡರಿನ ಒಳಗಿನಿಂದ ಕೈಹಾಕಿ ಕೆಲಸ ಮಾಡಬೇಕು, ಅದು ತಾಳ್ಮೆಯ ಪರೀಕ್ಷೆ. ವೈಎಸ್ ಎಂಜಿನ್‌ಗಳದ್ದು ಬೇರೆಯೇ ಲೋಕ: ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸಿ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತವೆ, ಟ್ಯಾಂಕಿಗೂ ಒತ್ತಡ ಕೊಟ್ಟು ರೆಗ್ಯುಲೇಟರ್ ಮೂಲಕ ಇಂಧನ ಪಡೆಯುತ್ತವೆ. ಶಕ್ತಿ ಅಪಾರ. ಇಂಧನಕ್ಕೆ ಬೆರೆಸುವ ನೈಟ್ರೊಮೀಥೇನ್‌ನ ಹಸಿವೂ ಅಪಾರ. ಸ್ಪರ್ಧೆಗೆ ಇಳಿಯುವವರಿಗೆ ಅದು; ಪುಷ್ಪಕ್‌ಗೆ ಅಲ್ಲ. ಚೀನಾ, ತೈವಾನ್‌ಗಳಿಂದ ಎಎಸ್‌ಪಿ, ಮ್ಯಾಗ್ನಮ್, ಥಂಡರ್ ಟೈಗರ್ ಮುಂತಾದ ಹೆಸರಿನಲ್ಲಿ ಬಂದ ಎಂಜಿನ್‌ಗಳು ಅಗ್ಗ, ಬಹುತೇಕ ಚೆನ್ನಾಗಿಯೇ ಓಡುತ್ತವೆ. ನನ್ನ ಅಳತೆಗೋಲು ಸರಳ: ಆ ಎಂಜಿನ್ನಿನ ಬೇರಿಂಗ್, ಪಿಸ್ಟನ್ ರಿಂಗ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ಇವತ್ತು ಎಲ್ಲಿ ಸಿಗುತ್ತವೆ ಎಂದು ಮೊದಲು ಹುಡುಕುತ್ತೇನೆ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಅದು ಕಾಗದದ ಮೇಲೆ ಇಡುವ ಭಾರ.

ನಮ್ಮಲ್ಲಿ ಹಳೆಯ ಎಂಜಿನ್‌ಗಳು ಕೈಯಿಂದ ಕೈಗೆ ಹೋಗುವುದೇ ಹೆಚ್ಚು, ಆದ್ದರಿಂದ ಹಳೆಯದನ್ನು ಪರೀಕ್ಷಿಸುವ ಬಗೆ ತಿಳಿದಿರಬೇಕು. ಗ್ಲೋ ಪ್ಲಗ್ (ಬಿಸಿ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್) ಬಿಚ್ಚಿ ಪ್ರೊಪೆಲ್ಲರ್ ಹಬ್ಬನ್ನು ಬೆರಳುಗಳಲ್ಲಿ ಹಿಡಿದು ಮೆಲ್ಲನೆ ತಿರುಗಿಸಿ. ಎಣ್ಣೆ ಹಾಕಿದ ಬೇರಿಂಗ್ ನಯವಾಗಿ ಜಾರಬೇಕು. ಮರಳು ಸಿಕ್ಕಿದಂತೆ ಕರಕರ ಎಂದರೆ ತುಕ್ಕು ಹಿಡಿದಿದೆ ಎಂದರ್ಥ. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ, ಸಡಿಲ ಇರಬಾರದು. ಕ್ರ್ಯಾಂಕ್‌ಕೇಸಿನ ಕೆಳಗೆ ಒಂದು ಪುಟ್ಟ ನಳಿಕೆ ಇರುತ್ತದೆ, ಉಸಿರಾಟದ ದಾರಿ. ಅಲ್ಲಿಂದ ಎರಡು ಹನಿ ತೆಳುವಾದ ಎಣ್ಣೆ ಬಿಟ್ಟು ಎಂಜಿನ್ನನ್ನು ಹತ್ತಾರು ಸುತ್ತು ತಿರುಗಿಸಿ, ಅದೇ ನಳಿಕೆಯಿಂದ ಬಿಳಿ ಕಾಗದದ ಮೇಲೆ ಹನಿಸಿ. ಹೊಂಬಣ್ಣ, ಕಪ್ಪು ಸರಿ. ಇಟ್ಟಿಗೆಯ ಕೆಂಪು ಬಂದರೆ ಬೆಲೆ ಇಳಿಸಿ ಕೇಳಿ, ಅಥವಾ ಎದ್ದು ಬನ್ನಿ. ಮತ್ತೆ ಪ್ಲಗ್ ಹಾಕಿ ತಿರುಗಿಸಿದಾಗ ಎರಡು ಸುತ್ತಿಗೆ ಒಮ್ಮೆ ಒತ್ತಡ ಬೆರಳಿಗೆ ತಾಗಬೇಕು, ತಾಗಿದ್ದು ಕೆಲ ಕ್ಷಣ ನಿಲ್ಲಬೇಕು. ಪೂರ್ತಿ ಬಿಗಿದುಕೊಂಡು ತಿರುಗದೇ ಇರುವ ಎಂಜಿನ್ ಕಂಡರೆ ಹೆದರಬೇಕಾಗಿಲ್ಲ. ಬಹಳ ಸಲ ಅದು ಇಂಧನದಲ್ಲಿದ್ದು ಒಣಗಿ ಅಂಟಾದ ಹರಳೆಣ್ಣೆ. ಹೀಟ್ ಗನ್ನಿನಲ್ಲಿ ಬಿಸಿ ಮಾಡಿದರೆ ಬಿಡುತ್ತದೆ. ಬಲವಂತದಿಂದ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತುಕ್ಕು ಏಕೆ ಹಿಡಿಯುತ್ತದೆ ಎಂಬುದು ಇಂಧನದ ಕಡೆಗೆ ಕರೆದೊಯ್ಯುತ್ತದೆ. ಇವುಗಳ ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್. ಅದರೊಂದಿಗೆ ಶೇ 18–20 ಎಣ್ಣೆ, ಬೇಕಿದ್ದರೆ ಸ್ವಲ್ಪ ನೈಟ್ರೊಮೀಥೇನ್. ಪ್ಲಗ್ಗಿನ ಪ್ಲಾಟಿನಮ್ ಮಿಶ್ರಲೋಹದ ತಂತಿ ಒಮ್ಮೆ ಬಿಸಿಯಾದರೆ ಮೆಥನಾಲ್ ಆವಿಯೊಂದಿಗೆ ವರ್ತಿಸುತ್ತ ತಾನೇ ಕೆಂಪಗೆ ಉಳಿಯುತ್ತದೆ. ಬ್ಯಾಟರಿ ತೆಗೆದರೂ ಎಂಜಿನ್ ಓಡುವುದು ಹಾಗೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಉರಿತಗಳ ನಡುವಿನ ಬಿಡುವು ದೀರ್ಘ, ಆ ಬಿಡುವಿನಲ್ಲಿ ತಂತಿ ತಣಿಯಬಾರದು. ಅದಕ್ಕೇ ಓಎಸ್‌ನ ‘ಎಫ್’ ಮಾದರಿಯಂಥ ಫೋರ್ ಸ್ಟ್ರೋಕ್ ಪ್ಲಗ್‌ಗಳೇ ಬೇಕು. ಟೂ ಸ್ಟ್ರೋಕ್ ಪ್ಲಗ್ ಹಾಕಿ ಎಂಜಿನ್ ಐಡ್ಲಿಂಗ್‌ನಲ್ಲಿ ಸಾಯುತ್ತದೆ ಎಂದು ಕಾರ್ಬ್ಯುರೇಟರನ್ನು ಬೈಯುವುದು ವ್ಯರ್ಥ.

ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳುವ ಅನಿಲದಲ್ಲಿ ನೀರೂ ಇರುತ್ತದೆ, ಎಣ್ಣೆಯೂ ಇರುತ್ತದೆ. ಕ್ಯಾಮ್, ಗೇರ್, ಬೇರಿಂಗ್‌ಗಳಿಗೆ ಸಿಗುವ ಎಣ್ಣೆ ಈ ನುಸುಳಿದ ಎಣ್ಣೆ ಮಾತ್ರ. ಟೂ ಸ್ಟ್ರೋಕ್‌ನಲ್ಲಿ ಹೊಸ ಇಂಧನವೇ ಕ್ರ್ಯಾಂಕ್‌ಕೇಸಿನ ಮೂಲಕ ಹಾದು ತೊಳೆದು ಹೋಗುವಂತೆ ಇಲ್ಲಿ ಆಗುವುದಿಲ್ಲ. ಹಾಗಾಗಿ ಹಾರಾಟ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದನ್ನು ಎಂಜಿನ್ ಸುಟ್ಟು ನಿಲ್ಲುವವರೆಗೆ ಓಡಿಸಿ, ಉಸಿರಾಟದ ನಳಿಕೆಯಿಂದ ಎಣ್ಣೆ ಬಿಟ್ಟು ತಿರುಗಿಸಿಯೇ ಮನೆಗೆ ಹೊರಡಬೇಕು. ಮಂಗಳೂರು, ಕಾರವಾರದವರು ಇದನ್ನು ಒಂದು ದಿನವೂ ತಪ್ಪಿಸಬಾರದು.

ಎಣ್ಣೆಯ ವಿಷಯದಲ್ಲಿ ನಮ್ಮ ಕ್ಲಬ್ಬುಗಳಲ್ಲಿ ಹಳೆಯ ವಾಡಿಕೆ 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ. ಬೈಕಿನ ಟೂ ಸ್ಟ್ರೋಕ್ (2ಟಿ) ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಬಿಸಿ ಏರಿದಾಗಲೂ ಲೋಹವನ್ನು ಬಿಟ್ಟುಕೊಡುವುದಿಲ್ಲ. ಆದರೆ ಬರಿಯ ಹರಳೆಣ್ಣೆ ಫೋರ್ ಸ್ಟ್ರೋಕ್‌ನ ರಿಂಗ್ ಮತ್ತು ವಾಲ್ವ್‌ಗಳ ಮೇಲೆ ಕಂದು ಮೆರುಗಿನಂತೆ ಅಂಟಿಕೊಳ್ಳುತ್ತದೆ. ಮೆಥನಾಲಿಗೆ ಹೊಂದುವ ಸಿಂಥೆಟಿಕ್ ಎಣ್ಣೆ ಸಿಕ್ಕರೆ ಅದೇ ಮುಖ್ಯವಾಗಲಿ, ಹರಳೆಣ್ಣೆ ಸ್ವಲ್ಪ ಇರಲಿ. ನೈಟ್ರೊ ದುಬಾರಿ, ಸಿಗುವುದೂ ಕಷ್ಟ. ಶೇ 5 ಇದ್ದರೂ ಐಡ್ಲಿಂಗ್ ಹದವಾಗುತ್ತದೆ. ಇಲ್ಲದಿದ್ದರೆ ಐಡಲ್ ಸ್ವಲ್ಪ ಏರಿಸಿಕೊಂಡು ಸುಧಾರಿಸಬಹುದು. ಮೆಥನಾಲ್ ವಿಷ ಎಂಬುದನ್ನು ಮಾತ್ರ ಹಗುರವಾಗಿ ಕಾಣಬಾರದು. ಹೊಟ್ಟೆಗೆ ಹೋದರೆ ಕಣ್ಣಿನ ನರವನ್ನೇ ಹಾಳುಮಾಡುತ್ತದೆ, ಚರ್ಮದ ಮೂಲಕವೂ ಒಳಸೇರುತ್ತದೆ, ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಇರುವವರು ಇಂದೇ ಬಿಡಬೇಕು.

ಪುಷ್ಪಕ್‌ನ ಮೂತಿಯೊಳಗೆ ಎಂಜಿನ್ ಕೂರಿಸುವಾಗ ಎತ್ತರ ಅಡ್ಡ ಬರುತ್ತದೆ. ರಾಕರ್ ಮುಚ್ಚಳದಿಂದಾಗಿ ಫೋರ್ ಸ್ಟ್ರೋಕ್ ಎತ್ತರ. ನೇರ ನಿಲ್ಲಿಸಿದರೆ ಕೌಲ್, ಎಂದರೆ ಮೂತಿಯ ಹೊದಿಕೆ, ತೂತು ಮಾಡಿ ತಲೆ ಹೊರಗೆ ಚಾಚುತ್ತದೆ. ತಲೆಕೆಳಗೆ ಅಥವಾ ಅಡ್ಡ ಕೂರಿಸುವುದು ರೂಢಿ. ಆಗ ಕಾರ್ಬ್ಯುರೇಟರಿನ ಮಟ್ಟವೂ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಟ್ಯಾಂಕ್ ಇಳಿಯಬೇಕು. ಟ್ಯಾಂಕಿನ ನಡುಮಟ್ಟ ಕಾರ್ಬ್ಯುರೇಟರಿನ ಮಟ್ಟಕ್ಕೆ ಸಮ ಅಥವಾ ಕೂದಲೆಳೆ ಕೆಳಗೆ ಇರಲಿ. ಮೇಲಿದ್ದರೆ ನಿಂತ ಎಂಜಿನ್ನಿಗೆ ಇಂಧನ ತಾನಾಗಿ ಹರಿದು ತುಂಬುತ್ತದೆ. ತಲೆಕೆಳಗಾದ ಎಂಜಿನ್ನಿನಲ್ಲಿ ಹಾಗೆ ಸಿಲಿಂಡರಿನೊಳಗೆ ಇಂಧನ ಸೇರಿಕೊಂಡಾಗ ಎಲೆಕ್ಟ್ರಿಕ್ ಸ್ಟಾರ್ಟರ್ ಒತ್ತಿದರೆ, ದ್ರವ ಒತ್ತಲಾಗದ್ದರಿಂದ, ರಾಡ್ ಬಾಗಿಯೇ ಬಾಗುತ್ತದೆ. ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ಗಟ್ಟಿಯಾಗಿ ತಡೆಯದಿದ್ದರೆ ಮಾತ್ರ ಸ್ಟಾರ್ಟರ್. ತಡೆದರೆ ಪ್ಲಗ್ ಬಿಚ್ಚಿ ಇಂಧನ ಹೊರಚೆಲ್ಲಬೇಕು. ಕೌಲ್ ಮುಚ್ಚಿದ ಎಂಜಿನ್ನಿಗೆ ಗಾಳಿ ಒಳಬರುವ ಬಾಯಿಗಿಂತ ಹೊರಹೋಗುವ ಬಾಯಿ ಎರಡು ಪಟ್ಟಾದರೂ ದೊಡ್ಡದಿರಬೇಕು; ಬಿಸಿಯಾದ ಗಾಳಿ ಹಿಗ್ಗಿರುತ್ತದೆ.

ಕೈಯಿಂದ ಪ್ರೊಪೆಲ್ಲರ್ ಬೀಸಿ ಚಾಲೂ ಮಾಡುವ ಚಟ ಬೇಡ. ಫೋರ್ ಸ್ಟ್ರೋಕ್ ಹಿಮ್ಮುಖವಾಗಿ ಒದೆಯುವುದು ಸಾಮಾನ್ಯ. ಮಿಶ್ರಣ ಲೀನ್ (ಇಂಧನ ಕಡಿಮೆ, ಗಾಳಿ ಹೆಚ್ಚು) ಆಗಿದ್ದರಂತೂ ಓಡುತ್ತಿರುವಾಗಲೇ ಒದ್ದು, ನಟ್ಟು ಸಡಿಲಿಸಿ, ಪ್ರೊಪೆಲ್ಲರನ್ನೇ ಎಸೆಯಬಹುದು. ಜೊತೆಗೆ ಬರುವ ಎರಡನೆಯ ಲಾಕ್‌ನಟ್ ಇರುವುದು ಅದಕ್ಕೇ, ಅಲಂಕಾರಕ್ಕಲ್ಲ. ಇಂಧನದ ಹರಿವನ್ನು ನಿಯಂತ್ರಿಸುವ ನೀಡಲ್ ಹೊಂದಿಸುವಾಗ ಟೂ ಸ್ಟ್ರೋಕ್‌ನಂತೆ ಸದ್ದು ಥಟ್ಟನೆ ಬದಲಾಗುವ ಸುಳಿವು ಇದರಲ್ಲಿ ಸಿಗುವುದಿಲ್ಲ. ಟ್ಯಾಕೊಮೀಟರ್ ಹಿಡಿದು ಗರಿಷ್ಠ ಸುತ್ತು ಕಂಡುಕೊಂಡು, ಅಲ್ಲಿಂದ 300–400 ಸುತ್ತು ಇಳಿಯುವಷ್ಟು ರಿಚ್ ಮಾಡಿ, ಎಂದರೆ ಇಂಧನ ಹೆಚ್ಚಿಸಿ, ಬಿಡಬೇಕು. ನಿಂತು ನೋಡುವುದು ಪ್ರೊಪೆಲ್ಲರಿನ ಹಿಂದೆ, ಪಕ್ಕದಲ್ಲಲ್ಲ.

ವಾಲ್ವ್ ಹೊಂದಾಣಿಕೆ ಎಂದರೆ ಹಲವರು ಬೆಚ್ಚುತ್ತಾರೆ, ಅದರಲ್ಲಿ ಬೆಚ್ಚುವಂಥದ್ದು ಏನೂ ಇಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಾದಾಗ ಅಲ್ಯೂಮಿನಿಯಮ್ ಸಿಲಿಂಡರ್ ಉಕ್ಕಿನ ಪುಶ್‌ರಾಡಿಗಿಂತ ಹೆಚ್ಚು ಹಿಗ್ಗಿ ಸಂದು ದೊಡ್ಡದಾಗಿರುತ್ತದೆ, ಆಗ ಅಳೆದರೆ ಸುಳ್ಳು. ರಾಕರ್ ಮುಚ್ಚಳ ತೆಗೆದು, ಪಿಸ್ಟನ್ ಒತ್ತುವ ನಡೆಯ ತುದಿಗೆ ಬರುವಂತೆ ಪ್ರೊಪೆಲ್ಲರ್ ತಿರುಗಿಸಿ. ಎರಡೂ ರಾಕರ್‌ಗಳು ಬೆರಳಿಗೆ ಸ್ವಲ್ಪ ಅಲುಗುತ್ತವೆ. ಓಎಸ್‌ನ ಕಿಟ್‌ನಲ್ಲಿ 0.04 ಮತ್ತು 0.10 ಮಿಲಿಮೀಟರಿನ ಎರಡು ತಗಡುಗಳಿರುತ್ತವೆ. ವಾಲ್ವ್ ತುದಿಗೂ ರಾಕರಿಗೂ ನಡುವೆ ತೆಳುವಾದದ್ದು ತೂರಬೇಕು, ದಪ್ಪನೆಯದು ತೂರಬಾರದು. ತೂರಿದರೆ ಸಂದು ದೊಡ್ಡದು: ವಾಲ್ವ್ ಪೂರ್ತಿ ತೆರೆಯದೆ ಟಿಕ್ ಟಿಕ್ ಸದ್ದು, ಶಕ್ತಿ ನಷ್ಟ. ತೆಳುವಾದದ್ದೂ ತೂರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಒತ್ತಡ ಸೋರುತ್ತಿದೆ. ಲಾಕ್‌ನಟ್ ಸಡಿಲಿಸಿ, ಸ್ಕ್ರೂ ಸ್ವಲ್ಪವೇ ತಿರುಗಿಸಿ, ನಟ್ ಬಿಗಿದು, ಮತ್ತೊಮ್ಮೆ ಅಳೆಯಿರಿ; ನಟ್ ಬಿಗಿಯುವಾಗ ಸ್ಕ್ರೂ ಕದಲುವುದು ಇದ್ದದ್ದೇ. ಹೊಸ ಎಂಜಿನ್ನಿನಲ್ಲಿ ಮೊದಲ ಒಂದು ಗಂಟೆಯ ಓಟದ ನಂತರ ಇದನ್ನು ಮಾಡಲೇಬೇಕು, ಆಮೇಲೆ ಅಪರೂಪಕ್ಕೆ ಸಾಕು.

ಮೆಥನಾಲಿನ ರಗಳೆ ಬೇಡ ಎನ್ನುವವರಿಗೆ ಸ್ಪಾರ್ಕ್ ಪ್ಲಗ್ ಇರುವ ಪೆಟ್ರೋಲ್ ಫೋರ್ ಸ್ಟ್ರೋಕ್‌ಗಳು ಬಂದಿವೆ: ಸೈಟೊದ ಎಫ್‌ಜಿ ಸರಣಿ, ಓಎಸ್‌ನ ಜಿಎಫ್ ಸರಣಿ, ಚೀನಾದ ಎನ್‌ಜಿಎಚ್. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಬೇಕಾದರೆ ಮೆಥನಾಲಿಗೆ ಆರೂವರೆ ಸಾಕು. ಆದ್ದರಿಂದ ಪೆಟ್ರೋಲ್ ಖರ್ಚು ಅರ್ಧಕ್ಕಿಂತ ಕಡಿಮೆ, ಮೂಲೆಯ ಬಂಕಿನಲ್ಲೇ ಸಿಗುತ್ತದೆ. ಆದರೆ ಆವಿಯಾಗುವಾಗ ಮೆಥನಾಲ್ ಎಂಜಿನ್ನನ್ನು ತಣಿಸುವಷ್ಟು ಪೆಟ್ರೋಲ್ ತಣಿಸುವುದಿಲ್ಲ. ಚಿಕ್ಕ ಗಾತ್ರದ ಪೆಟ್ರೋಲ್ ಎಂಜಿನ್‌ಗಳು ಬಿಸಿಯಾಗುತ್ತವೆ, ಅವುಗಳ ಕಾರ್ಬ್ಯುರೇಟರ್ ಹೊಂದಾಣಿಕೆಯೂ ನಾಜೂಕು. ಇಗ್ನಿಷನ್ ಪೆಟ್ಟಿಗೆ, ಅದರ ಬ್ಯಾಟರಿ, ತಂತಿ ಸೇರಿದರೆ ತೂಕವೂ ಏರುತ್ತದೆ. 30 ಸಿಸಿ ಮೇಲೆ ಪೆಟ್ರೋಲ್ ನನ್ನ ಆಯ್ಕೆ. ಪುಷ್ಪಕ್‌ನ ಆರನೇ ಒಂದು ಅಳತೆಗೆ ಗ್ಲೋ ಎಂಜಿನ್ನೇ ಸರಿ. ಯಾರಾದರೂ ಅದನ್ನು ಮೂರನೇ ಒಂದು ಅಳತೆಯಲ್ಲಿ ಕಟ್ಟಿದರೆ ಆಗ ಮಾತು ಬೇರೆ. ಮೂಲದ ಕಾಂಟಿನೆಂಟಲ್‌ನಂತೆ ಎದುರುಬದುರು ನಾಲ್ಕು ಸಿಲಿಂಡರ್‌ಗಳ ಓಎಸ್ ಪೆಗಾಸಸ್ ಎಂಬ 53 ಸಿಸಿಯ ಎಂಜಿನ್ ಕೂಡ ಇತ್ತು. ಅದರ ಬೆಲೆ ಕೇಳಿದವರು ಸಾಮಾನ್ಯವಾಗಿ ಮಾತು ಬದಲಿಸುತ್ತಾರೆ.

ಯಾರಿಗೆ ಫೋರ್ ಸ್ಟ್ರೋಕ್ ಬೇಡ? ಹಾರಿಸಲು ಈಗಷ್ಟೇ ಕಲಿಯುತ್ತಿರುವವರಿಗೆ ಬೇಡ: ನೆಲಕ್ಕೆ ಬಡಿದಾಗ ಬಾಗುವ ಬಿಡಿಭಾಗಗಳು ಇದರಲ್ಲಿ ಹೆಚ್ಚು. ವೇಗದ ರೇಸಿಂಗ್ ವಿಮಾನಕ್ಕೆ ಬೇಡ. ವಾರಕ್ಕೊಂದು ಗಂಟೆ ಬಿಡುವು ಸಿಗುವವರು, ಎಣ್ಣೆಗೈ ಇಷ್ಟವಿಲ್ಲದವರು ಎಲೆಕ್ಟ್ರಿಕ್ ಮೋಟರ್ ಹಾಕಿಕೊಳ್ಳಲಿ. ಅಲ್ಲೂ 12–13 ಇಂಚಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿಸುವ ಮೋಟರನ್ನೇ ಆರಿಸಬೇಕು, ಲೆಕ್ಕ ಒಂದೇ. ಉಳಿದವರು ಹಣ ಕೊಡುವ ಮುನ್ನ ಒಂದು ಕೆಲಸ ಮಾಡಬಹುದು: ವಿಮಾನವನ್ನು ಹಾರುವ ಭಂಗಿಯಲ್ಲಿ, ಎಂದರೆ ಬಾಲ ಎತ್ತಿ, ನಿಲ್ಲಿಸಿ, ಪ್ರೊಪೆಲ್ಲರ್ ಕೂರುವ ಜಾಗದಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಅಳೆಯುವುದು. 13 ಇಂಚಿಗೆ 16.5 ಸೆಂಟಿಮೀಟರ್ ಬೇಕು. ಅದರ ಕೆಳಗೆ ಹುಲ್ಲಿಗೆಂದು ಇನ್ನೊಂದು ಮೂರು ಸೆಂಟಿಮೀಟರ್. ಅಷ್ಟು ಇಲ್ಲವಾದರೆ ಒಂದೋ ಚಕ್ರ ದೊಡ್ಡದಾಗಬೇಕು, ಇಲ್ಲವೇ 12x6 ಹಾಕಿ 62ರಲ್ಲಿ ನಿಲ್ಲಬೇಕು.